ಇನ್ನೂರ ಹದಿನಾಲ್ಕನೇ ನೀಲಿ

ಕಾರ್ಖಾನೆಯಿಂದ ಬಂದ ಅರ್ಜಿ ಒಂದೇ ಹಾಳೆಯದು. ತುಂಬಬೇಕಾದ ಜಾಗ ಎರಡೇ: ಎಲ್ಲಿಗೆ, ಯಾವಾಗ. ಇಷ್ಟಕ್ಕೆ ಆ ಮನೆಯ ನಾಲ್ಕು ಜನ ದೊಡ್ಡವರು ಹದಿನೆಂಟು ದಿನ ತೆಗೆದುಕೊಂಡರು. ಅಷ್ಟರಲ್ಲಿ ಅತ್ತೆ ಎರಡು ಸಲ ಊಟ ಬಿಟ್ಟು ಎದ್ದಿದ್ದರು, ಮಗ ಒಂದು ಸಲ ಬಾಗಿಲು ಧಡಾರನೆ ಹಾಕಿಕೊಂಡು ಹೊರಗೆ ಹೋಗಿದ್ದ. ಸೊಸೆಗೆ ಮಾತ್ರ ಎದ್ದು ಹೋಗುವ ಸೌಕರ್ಯ ಇರಲಿಲ್ಲ, ಒಲೆಯ ಮೇಲೆ ಯಾವಾಗಲೂ ಏನಾದರೊಂದು ಇರುತ್ತಿತ್ತು.

ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಅಲ್ಲಿ ಮೂವತ್ತು ವರ್ಷ ತುಂಬಿಸಿದವರಿಗೆ ಮನೆಮಂದಿ ಸಮೇತ ಒಂದು ವಾರದ ಪ್ರವಾಸ ಬಿಟ್ಟಿ. ಒಂದೇ ಸಲ. ಅರ್ಜಿ ಕೊಟ್ಟ ಮೇಲೆ ಊರನ್ನೂ ಬದಲಾಯಿಸುವಂತಿಲ್ಲ, ತಾರೀಖನ್ನೂ ಬದಲಾಯಿಸುವಂತಿಲ್ಲ. ಸಮುದ್ರಕ್ಕೇ ಹೋಗಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಮಾವ ಅಲ್ಲಿ ಬಣ್ಣದ ಮಾಸ್ತರರು. ಮಾದರಿ ಎಳೆಗಳನ್ನು ಅಂಟಿಸಿದ ಶೇಡ್ ಕಾರ್ಡಿನಲ್ಲಿ ಇನ್ನೂರ ಹದಿನಾಲ್ಕನೇ ನಂಬರಿನ ಎದುರು 'ಸಮುದ್ರ ನೀಲಿ' ಎಂದು ಬರೆದಿತ್ತು. ಮೂವತ್ತು ವರ್ಷದಿಂದ ಆ ನೀಲಿಯನ್ನು ತೊಟ್ಟಿಗಟ್ಟಲೆ ಕಲಸಿದ ಮನುಷ್ಯ ಸಮುದ್ರವನ್ನೇ ಕಂಡಿರಲಿಲ್ಲ. ಒಮ್ಮೆ ಎದುರಿಗೆ ನಿಂತು ತಾನು ಕಲಸಿದ್ದು ಸರಿಯೋ ತಪ್ಪೋ ನೋಡಿಬಿಡಬೇಕು ಎಂಬ ಒಂದೇ ಆಸೆಯನ್ನು ಅವರು ಮದುವೆಯಾದ ಹೊಸದರಿಂದ ಹೇಳಿಕೊಂಡು ಬಂದಿದ್ದರು. ಅತ್ತೆಗೆ ಅದು ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

"ದೊಡ್ಡ ಪಟ್ಟಣದ ಬೀಚಿಗೆ ಹೋಗೋಣ," ಎಂದ ಮಗ. "ಅಂಗಡಿ ಇದೆ, ಜನ ಇದ್ದಾರೆ. ಪುಟ್ಟಿಗೆ ಮುಂದಿನ ಬೇಸಿಗೆ ರಜಾ ಬಂದಾಗ ಹೋದ್ರಾಯ್ತು."

"ಜನ ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು, ಸಂತೆಗೆ ಹೋದ್ರಾಗಲ್ವಾ," ಎಂದರು ಅತ್ತೆ. ಅವರಿಗೆ ನೀರೆಂದರೆ ಮೊದಲಿಂದಲೂ ಭಯ. ಬಕೆಟ್ಟಿನಲ್ಲಿ ಇರುವಷ್ಟನ್ನು ಮಾತ್ರ ನಂಬುತ್ತಿದ್ದರು. "ಆ ಕೊಲ್ಲಿ ಇದೆಯಂತಲ್ಲ, ಅಲೆನೇ ಇಲ್ಲದ್ದು. ಮಳೆ ನಿಂತು ಎರಡು ತಿಂಗಳಾದ್ಮೇಲೆ ಕೆರೆ ಹಾಗಿರತ್ತಂತೆ. ಮೇಲಿನ ಮನೆಯವರು ಹೋಗಿ ಬಂದ್ರು, ಒಂದು ಸದ್ದಿಲ್ವಂತೆ."

ಮಾವ ಮೊದಮೊದಲು ನಡುವೆ ಬಾಯಿ ಹಾಕುತ್ತಿರಲಿಲ್ಲ. ಸೊಸೆಯೂ ಸುಮ್ಮನಿದ್ದಳು. ಅವಳು ನಡುಮನೆಯಲ್ಲೇ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಯಾವ ಸಮುದ್ರಕ್ಕೆ ಹೋದರೂ ಗಂಟು ಕಟ್ಟುವುದು, ಬಿಚ್ಚುವುದು, ಒದ್ದೆ ಬಟ್ಟೆ ಹಿಂಡುವುದು ತನಗೆ ತಪ್ಪಿದ್ದಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳು ಬಾಯಿ ತೆಗೆಯುವಂತೆ ಮಾಡಿದ್ದು ಒಂದು ಜೊತೆ ರಿಬ್ಬನ್.

ದಿನಾ ಬೆಳಗ್ಗೆ ಮೊಮ್ಮಗಳ ಎರಡು ಜಡೆಗೂ ರಿಬ್ಬನ್ ಕಟ್ಟುವ ಕೆಲಸ ತಾತನದು. ಆ ದಿನ ಪುಟ್ಟಿ ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಒಂದು ಜಡೆಗೆ ನೀಲಿ, ಇನ್ನೊಂದಕ್ಕೆ ಹಸಿರು. ಅತ್ತೆ ನಕ್ಕರು. "ವಯಸ್ಸಾಯ್ತು ತಾತಂಗೆ," ಎಂದು ಹೇಳಿ ಮುಗಿಸಿದರು. ಸೊಸೆಗೆ ನಗು ಬರಲಿಲ್ಲ. ಕೂದಲೆಳೆಯಷ್ಟು ಕೆಂಪು ಹೆಚ್ಚಾಯಿತೆಂದು ಒಂದಿಡೀ ತೊಟ್ಟಿಯ ನೂಲನ್ನು ವಾಪಸು ಕಳಿಸುವ ಮನುಷ್ಯ ಇವರು.

ಮರುದಿನ ಮಾವ ಕನ್ನಡಕ ಮರೆತು ಹೋದರು. ಅದನ್ನು ಕೊಡಲು ಸೊಸೆ ಕಾರ್ಖಾನೆಗೆ ಹೋದಾಗ ಹತ್ತು ಗಂಟೆ. ಬಣ್ಣದ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಬಾಗಿಲಲ್ಲಿ ನಿಂತವಳನ್ನು ಅವರು ಕಾಣಲಿಲ್ಲ. ಗೋಡೆಯ ಹಲಗೆಯ ಮೇಲಿದ್ದ ಡಬ್ಬಗಳನ್ನು ಎಡಗಡೆಯಿಂದ ಬೆರಳಲ್ಲಿ ಎಣಿಸುತ್ತ ಹೋಗಿ ಒಂದನ್ನು ತೆಗೆದು, ಮುಚ್ಚಳ ಬಿಚ್ಚಿ ಮೂಸಿ ನೋಡಿ, ತಲೆಯಾಡಿಸಿ ಅಲ್ಲೇ ಇಟ್ಟು, ಪಕ್ಕದ್ದನ್ನು ತೆಗೆದರು.

"ಮಾವ," ಎಂದಳು ಸೊಸೆ.

ಅವರ ಕೈಯಿಂದ ಡಬ್ಬ ಬಿತ್ತು. ಹಳದಿ ಪುಡಿ ಇಬ್ಬರ ಕಾಲ ಮೇಲೂ ಚೆಲ್ಲಿತು.

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವರು ಎಲ್ಲ ಹೇಳಿದರು. ಕಣ್ಣಿನ ನರ ಒಣಗುತ್ತಿದೆಯಂತೆ. ಎರಡು ಆಸ್ಪತ್ರೆಯಲ್ಲಿ ತೋರಿಸಿ ಆಯಿತು. ಆರು ತಿಂಗಳು, ಹೆಚ್ಚೆಂದರೆ ಎಂಟು. "ಬಿಸಿಲಿಗೆ ಬಂದ್ರೆ ಎಲ್ಲಾ ಬೆಳ್ಳಗಾಗಿ ಬಿಡತ್ತಮ್ಮ. ಮೋಡ ಇದ್ದ ದಿನ ಪರವಾಗಿಲ್ಲ. ನೆರಳಲ್ಲಿ ಪರವಾಗಿಲ್ಲ."

"ಅತ್ತೆಗೆ ಗೊತ್ತಾ?"

"ಅವಳಿಗೆ ಗೊತ್ತಾದ್ರೆ ಬೀದಿಗೆಲ್ಲ ಗೊತ್ತಾಗತ್ತೆ. ಬೀದಿಗೆ ಗೊತ್ತಾದ್ರೆ ಕಾರ್ಖಾನೆಗೆ. ನಾಳೆನೇ ನನ್ನ ಮನೆಗೆ ಕಳಿಸ್ತಾರೆ. ನನ್ನ ಹಿಂದೇನೇ ನನ್ನ ಕೈಕೆಳಗಿರೋ ನಿನ್ನ ಗಂಡನ್ನೂ ಕಳಿಸ್ತಾರೆ. ಅವನಿಗೆ ಬಣ್ಣದ ಕಣ್ಣಿಲ್ಲ ಅಂತ ನಿನಗೂ ಗೊತ್ತಲ್ಲ. ನಾನಿದ್ದೀನಿ ಅಂತ ಇಟ್ಕೊಂಡಿದ್ದಾರೆ. ವರ್ಷದ ಕೊನೆಗೆ ಅವನ ಕೆಲಸ ಕಾಯಂ ಆಗತ್ತೆ, ಆಮೇಲೆ ಬೇಕಾದ್ರೆ ನಾನೇ ಡಂಗುರ ಹೊಡಿಸ್ತೀನಿ. ಅಲ್ಲಿವರೆಗೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

ಗಂಡನ ಕೆಲಸ ಹೋದರೆ ಏನಾಗುತ್ತದೆಂದು ಸೊಸೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತು ಕೊಟ್ಟಳು. ಆಮೇಲೆ ಕೇಳಿದಳು. "ಹಾಗಾದ್ರೆ ಸಮುದ್ರ?"

ಮಾವ ಕಾಲಿನ ಹಳದಿ ಪುಡಿಯನ್ನು ಒರೆಸುತ್ತ ಕೂತರು. ಎಷ್ಟು ಒರೆಸಿದರೂ ಅದು ಹೋಗಲಿಲ್ಲ.

ಅಂದಿನಿಂದ ಎರಡು ಕೆಲಸ ಶುರುವಾದವು. ಮೊದಲನೆಯದು, ದಿನಾ ಹತ್ತು ಗಂಟೆಗೆ ಸೊಸೆ ತಿಂಡಿ ಡಬ್ಬಿ ಹಿಡಿದುಕೊಂಡು ಕಾರ್ಖಾನೆಗೆ ಹೋಗುವುದು. ಆ ಕಾರ್ಖಾನೆಯಲ್ಲಿ ಹತ್ತು ಗಂಟೆಯ ಬಿಸಿಲಿಗೆ ಹಿಡಿದು ನೋಡದೆ ಯಾವ ಬಣ್ಣವನ್ನೂ ಒಪ್ಪುತ್ತಿರಲಿಲ್ಲ. ಮೋಡದ ಬೆಳಕು, ದೀಪದ ಬೆಳಕು ಎರಡೂ ಸುಳ್ಳು ಹೇಳುತ್ತವೆ ಎಂಬುದು ಮಾಸ್ತರರೇ ಮಾಡಿದ ಕಾನೂನು. ಬಿಸಿಲು ಬೀಳದ ದಿನ ಬರೀ ಕಪ್ಪು ನೂಲಿನ ಕೆಲಸ. ಬಿಸಿಲು ಬಿದ್ದ ದಿನ ಹಿಂಬಾಗಿಲಲ್ಲಿ ಮಾವ ತಿಂಡಿ ತಿನ್ನುವ ನೆಪ ಮಾಡಿ ಕೂರುವರು, ಸೊಸೆ ಒದ್ದೆ ನೂಲಿನ ಲಡಿಯನ್ನೂ ಕಾರ್ಡಿನ ಎಳೆಯನ್ನೂ ಜೋಡಿಸಿ ಹಿಡಿಯುವಳು.

"ಹಸಿರು ಎದ್ದು ಕಾಣ್ತಿದೆಯಾ?"

"ಇಲ್ಲ. ಸ್ವಲ್ಪ ಮಂಕು."

"ಹಾಗಾದ್ರೆ ಕೆಂಪು ಬಿದ್ದಿದೆ. ಕಾಲು ಚಮಚ ಹಳದಿ ಹಾಕಿಸ್ತೀನಿ."

ಹೊಲಿಗೆಯವಳ ಕಣ್ಣು, ಬೇಗ ಕಲಿತಳು. ಎರಡನೆಯ ಕೆಲಸ ಮನೆಯಲ್ಲಿ, ಬೇಗ ಹೊರಡುವಂತೆ ಎಲ್ಲರನ್ನೂ ಒಪ್ಪಿಸುವುದು. ಅದು ಅವಳಿಗೆ ಬರಲಿಲ್ಲ.

"ಹತ್ತಿರದ ಬೀಚಿಗೇ ಹೋಗೋಣ," ಎಂದಳು ರಾತ್ರಿ ಊಟಕ್ಕೆ ಬಡಿಸುತ್ತ. "ಬಸ್ಸಲ್ಲಿ ನಾಲ್ಕು ಗಂಟೆ. ಮುಂದಿನ ವಾರನೇ ಹೊರಡಬಹುದು."

ಎಲ್ಲರೂ ಅವಳನ್ನೇ ನೋಡಿದರು. ಆ ಬೀಚಿನಿಂದ ಅವಳ ತವರುಮನೆ ಅರ್ಧ ಗಂಟೆಯ ದಾರಿ. ಈ ವಿಷಯ ಅವಳಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಅತ್ತೆಯಂತೂ ನಂಬಲಿಲ್ಲ.

"ಓಹೋ," ಎಂದರು. "ಈಗ ಗೊತ್ತಾಯ್ತು."

"ತವರಿಗೆ ಕಾಲಿಡಲ್ಲ ಅತ್ತೆ. ಬೇಕಾದ್ರೆ ಬರೆದು ಕೊಡ್ತೀನಿ."

"ಮಳೆ ಹಿಡ್ಕೊಳ್ಳೋಕೆ ಹತ್ತು ದಿನ ಇಲ್ಲ. ಆಳೆತ್ತರದ ಅಲೆ ಬರತ್ತಂತೆ ಅಲ್ಲಿ ಈಗ. ಮಗು ಇದೆ, ನಾನಿದ್ದೀನಿ. ನಿಮ್ಮಮ್ಮನ ಮುಖ ನೋಡೋ ಆಸೆಗೆ ನಮ್ಮನ್ನೆಲ್ಲ ನೀರಿಗೆ ಹಾಕ್ತೀಯಾ?"

"ಸಮುದ್ರ ನೋಡಬೇಕಾದವರು ಮಾವ. ಅವರನ್ನ ಕೇಳಿ."

ಒಂದು ಮಾತು ಸಾಕಿತ್ತು. ಸೊಸೆ ಕೈಯಲ್ಲಿ ಸೌಟು ಹಿಡಿದುಕೊಂಡು ಮಾವನ ಬಾಯಿಯನ್ನೇ ನೋಡುತ್ತ ನಿಂತಳು. ಮಾವ ತಟ್ಟೆಯ ಅಂಚನ್ನು ಬೆರಳಿಂದ ಸವರುತ್ತಿದ್ದರು.

"ಮೋಡದ ಬೆಳಕಲ್ಲಿ ಬಣ್ಣ ನೋಡಬಾರದು," ಎಂದರು. "ಮೂವತ್ತು ವರ್ಷ ಕಾದಿದ್ದು ಬೂದಿ ಬಣ್ಣ ನೋಡೋಕಾ? ಬಿಸಿಲಿರಬೇಕು, ನೀರು ನಿಂತಿರಬೇಕು. ಮಳೆ ಮುಗೀಲಿ."

ಅತ್ತೆ ಗೆದ್ದ ಮುಖ ಮಾಡಿಕೊಂಡು ಇನ್ನೊಂದು ಹಿಡಿ ಬಡಿಸಿಕೊಂಡರು. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ಹಿಂಬಾಗಿಲಲ್ಲಿ ಕೇಳಿಯೇ ಬಿಟ್ಟಳು. "ಏನು ಮಾವ ಇದು, ಆರು ತಿಂಗಳು ಅಂದವರು ನೀವೇ, ಆರು ತಿಂಗಳಾದ್ಮೇಲೆ ಹೋಗೋಣ ಅನ್ನೋರೂ ನೀವೇ."

"ಎಂಟು ಅಂದಿದ್ದಾರಲ್ಲ ಡಾಕ್ಟ್ರು," ಎಂದರು ಮಾವ. "ಇರತ್ತೆ. ನೋಡೋದಾದ್ರೆ ಸರಿಯಾದ ಬೆಳಕಲ್ಲೇ ನೋಡಬೇಕು."

ಹಟ ಎನ್ನಿ, ಕಸುಬಿನ ಹುಚ್ಚು ಎನ್ನಿ. ಅರ್ಜಿಯಲ್ಲಿ ಕೊಲ್ಲಿಯ ಹೆಸರು ಬಿತ್ತು, ಮಳೆ ನಿಂತ ಮೇಲಿನ ಎರಡನೇ ತಿಂಗಳ ತಾರೀಖು ಬಿತ್ತು. ಮಗ ತಾನೇ ಒಯ್ದು ಆಫೀಸಿನಲ್ಲಿ ಕೊಟ್ಟು ಬಂದ.

ಮಳೆಗಾಲ ಹಾಗೇ ಕಳೆಯಿತು. ಸೊಸೆ ಮನೆಯಲ್ಲಿ ಒಂದೊಂದೇ ವಸ್ತುವಿಗೆ ಜಾಗ ಗೊತ್ತು ಮಾಡಿದಳು. ಚಪ್ಪಲಿ ಬಾಗಿಲ ಎಡಕ್ಕೆ, ಲೋಟ ಕೈಯ ಬಲಕ್ಕೆ, ಸೋಪು ಕಿಟಕಿಯ ಮೇಲೆ. ರಿಬ್ಬನ್ ಡಬ್ಬಿಯಲ್ಲಿ ನೀಲಿಯದೊಂದೇ ಜೊತೆ ಉಳಿಸಿ ಮಿಕ್ಕವನ್ನು ಬಚ್ಚಿಟ್ಟಳು. ಪುಟ್ಟಿ ಆಟದ ಸಾಮಾನು ದಾರಿಯಲ್ಲಿ ಬಿಟ್ಟರೆ ಬೆನ್ನಿಗೆ ಏಟು ಬೀಳುತ್ತಿತ್ತು.

"ಮಾವನ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿದೆ," ಎಂದರು ಅತ್ತೆ, ಹೆಸರುಕಾಳು ಆರಿಸುತ್ತ. "ಬಿಸಿ ತಿಂಡಿ ಏನು, ಲೋಟ ಕೈಗೆ ಕೊಡೋದೇನು. ಮುಂದಿನ ಸಲ ಯಾವ ಊರಿಗೆ ಅರ್ಜಿ ಹಾಕಿಸ್ಬೇಕು ಅಂತಿದ್ದೀಯ?"

ಸೊಸೆ ಯಂತ್ರವನ್ನು ಜೋರಾಗಿ ತುಳಿದಳು. ಈ ಮಾತು ಕೇಳಿಸಿಕೊಂಡು ಸುಮ್ಮನಿರುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಮಳೆಯ ನಡುವೆ ಒಂದು ಸಂಜೆ ಆಕಾಶ ಪೂರ್ತಿ ಮುಚ್ಚಿತ್ತು. ಮಾವ ಹಿತ್ತಿಲಲ್ಲಿ ನಿಂತು ಹಗ್ಗದ ಮೇಲಿನ ಬಟ್ಟೆ ನೋಡುತ್ತಿದ್ದರು. "ಅದು ಪುಟ್ಟಿ ಲಂಗ, ಕೆಂಪು. ಇದು ನಿನ್ನ ಸೀರೆ, ಅಂಚು ನೇರಳೆ," ಎಂದರು. ಎರಡೂ ಸರಿಯಾಗಿದ್ದವು. ಸೊಸೆ ಬಟ್ಟೆ ತೆಗೆಯುವ ಕೈ ನಿಲ್ಲಿಸಿದಳು.

"ಈಗ ಹೋಗಿದ್ದಿದ್ರೆ ಕಾಣ್ತಿತ್ತು ಅನ್ಸತ್ತಮ್ಮ," ಎಂದರು ಮಾವ, ಮೆಲ್ಲಗೆ. "ಬೂದಿ ಬಣ್ಣನೇ ಆಗಿದ್ರೂ."

ಅರ್ಜಿ ಹೋಗಿ ಎರಡು ತಿಂಗಳಾಗಿತ್ತು. ಸೊಸೆ ಮರುದಿನವೇ ಕಾರ್ಖಾನೆಯ ಆಫೀಸಿಗೆ ಹೋಗಿ ಇನ್ನೂ ಮುಂಚಿನ ತಾರೀಖು ಹಾಕಲಾಗುತ್ತದೆಯೇ ಎಂದು ಕೇಳಿದಳು. ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿ, ಕಾರಣ ಏನೆಂದು ಕೇಳಿದ. ಅವಳ ಹತ್ತಿರ ಹೇಳುವಂಥ ಕಾರಣ ಇರಲಿಲ್ಲ. ಗುಮಾಸ್ತ ಅದನ್ನು ಮಗನಿಗೆ ಹೇಳಿದ, ಮಗ ಅವಳ ಜೊತೆ ನಾಲ್ಕು ದಿನ ಮಾತು ಬಿಟ್ಟ.

ಮಳೆ ಹಿಂದಾಗಿ ಬಿಸಿಲು ಬಂದಾಗ ಪುಟ್ಟಿಗೆ ಜ್ವರ ಬಂತು. ಎರಡು ದಿನ ಸೊಸೆ ಹಾಸಿಗೆ ಬಿಟ್ಟು ಏಳಲಿಲ್ಲ, ತಿಂಡಿ ಡಬ್ಬಿ ಹೋಗಲಿಲ್ಲ. ಎರಡನೆಯ ಸಂಜೆ ಮಗ ಮನೆಗೆ ಬಂದವನೇ ಕೈಚೀಲವನ್ನು ಮೂಲೆಗೆ ಎಸೆದ.

"ಇಡೀ ತೊಟ್ಟಿ ಹೋಯ್ತು. ಶಾಲು ಮಾಡೋ ನೂಲು, ಗಿಣಿ ಹಸಿರು ಆಗ್ಬೇಕಾಗಿದ್ದು ಪಾಚಿ ಬಣ್ಣ ಆಗಿದೆ. ಸೂಪರ್‌ವೈಸರ್ ಎಲ್ಲರ ಮುಂದೆ ನನ್ನನ್ನ ಕತ್ತೆ ಅಂದ. ಒಂದು ವಾರ ಮನೇಲಿರು ಅಂದ."

"ನೀನು ಏನು ಮಾಡಿದೆ?" ಎಂದರು ಅತ್ತೆ.

"ಅಪ್ಪ ಹೇಳಿದ್ದನ್ನ ಹಾಕ್ದೆ. ಏಳನೇ ಡಬ್ಬ ಅಂದ್ರು, ಏಳನೇ ಡಬ್ಬ ಹಾಕ್ದೆ. ಆಮೇಲೆ ಸೂಪರ್‌ವೈಸರ್ ಕೇಳಿದ್ರೆ ಅಪ್ಪ ಏನಂದ್ರು ಗೊತ್ತಾ? ಹುಡುಗನ ಕೈತಪ್ಪು ಅಂದ್ರು. ಹೆತ್ತ ಅಪ್ಪ."

ಮಾವ ಗೋಡೆಗೆ ಒರಗಿ ಕೂತಿದ್ದರು. "ಎಂಟನೇದು ಅಂದಿದ್ದೆ ನಾನು," ಎಂದರು.

"ಸುಳ್ಳು."

"ಅಪ್ಪನ್ನ ಸುಳ್ಳ ಅಂತೀಯಾ?" ಅತ್ತೆ ಎದ್ದು ನಿಂತರು. "ಅವರು ಮೂವತ್ತು ವರ್ಷದಲ್ಲಿ ಒಂದು ಲಡಿ ಕೆಡಿಸಿದವರಲ್ಲ. ನಿನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ?"

ಸೊಸೆ ಮಗುವಿನ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಕಣ್ಣಲ್ಲಿ ನೀರು ತುಂಬಿತ್ತು. ಅವನ ಕೆಲಸ ಉಳಿಸಲಿಕ್ಕೆಂದು ಮುಚ್ಚಿಟ್ಟ ವಿಷಯ ಅವನ ತಲೆಯ ಮೇಲೇ ಬಂದು ಕೂತಿತ್ತು. ಈಗ ಹೇಳಿಬಿಡಲೇ ಎಂದು ಅವಳಿಗೆ ಬಾಯಿತನಕ ಬಂತು. ಮಾವ ಅವಳಿದ್ದ ಕಡೆ ಮುಖ ತಿರುಗಿಸಿ, ಮಸುಕಾದ ಕಣ್ಣಲ್ಲೇ ಬೇಡ ಎಂದರು. ಅವಳು ನುಂಗಿಕೊಂಡಳು.

ಅಪ್ಪ ಮಗ ಅಂದಿನಿಂದ ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಎರಡು ಸರದಿ ಬಡಿಸುವ ಕೆಲಸ ಸೊಸೆಗೆ ಸೇರಿಕೊಂಡಿತು. ಆದರೂ ಮಾವ ಎಣಿಸಿದಂತೆಯೇ, ಹೊರಡಲು ಎರಡು ವಾರವಿರುವಾಗ ಮಗನ ಕೆಲಸ ಕಾಯಂ ಆದ ಕಾಗದ ಬಂತು. ಆ ದಿನ ಮಾವ ಎರಡು ತುತ್ತು ಹೆಚ್ಚು ಉಂಡರು. ಇನ್ನು ಹೇಳಬಹುದಲ್ಲ ಎಂದು ಸೊಸೆ ಪಿಸುಗುಟ್ಟಿದರೆ, "ಪ್ರವಾಸ ಮುಗೀಲಿ, ಎಲ್ಲರೂ ಖುಷಿಯಾಗಿದ್ದಾರೆ," ಎಂದರು.

ಕೊಲ್ಲಿ ಮೇಲಿನ ಮನೆಯವರು ಹೇಳಿದ ಹಾಗೆಯೇ ಇತ್ತು. ಒಂದು ಮೋಡವಿಲ್ಲ, ಒಂದು ಅಲೆಯಿಲ್ಲ. ಮರಳಿನ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು. ಎಡಗಡೆ ಸ್ವಲ್ಪ ಮೇಲೆ ದೋಣಿಗಳನ್ನು ಎಳೆದು ಹಾಕಿದ್ದ ಒಂದು ಚಪ್ಪರ, ಅದರ ನೆರಳಲ್ಲಿ ಇಳಿಬಿಟ್ಟ ದೊಡ್ಡ ನೀಲಿ ಟಾರ್ಪಾಲು. ಅತ್ತೆಗೆ ಹಿಡಿಸಲಾರದಷ್ಟು ಸಂತೋಷ. "ನಾನು ಹೇಳ್ಲಿಲ್ವಾ," ಎಂದು ದಾರಿಯುದ್ದಕ್ಕೂ ಹೇಳಿದ್ದನ್ನು ಇನ್ನೊಮ್ಮೆ ಹೇಳಿ, ಪಾದ ಮುಳುಗುವಷ್ಟು ನೀರಿಗೆ ಇಳಿದು ವಾಪಸು ಬಂದರು.

ಹತ್ತು ಗಂಟೆಯಾಗಲೆಂದು ಮಾವ ಕೋಣೆಯಲ್ಲೇ ಕಾದು, ಆಮೇಲೆ ಸೊಸೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದರು. ಮರಳಲ್ಲಿ ಕಾಲು ಹೂಳುತ್ತದೆ ಎಂದು ಎಲ್ಲರಿಗೂ ಹೇಳಿದ್ದರು. ಮಗನೂ ಬಂದು ಪಕ್ಕದಲ್ಲಿ ನಿಂತ. ಎರಡು ತಿಂಗಳ ಮೇಲೆ ಅಪ್ಪನ ಪಕ್ಕ ನಿಂತದ್ದು ಅದೇ ಮೊದಲು.

"ಅಮ್ಮಾ, ಜೇಡ," ಎಂದು ಪುಟ್ಟಿ ಕೂಗಿದಳು. ಅದು ಏಡಿ. ಅವಳು ಅದರತ್ತ ಓಡಿದಳು, ಸೊಸೆ ಮಾವನನ್ನು ಬಿಟ್ಟು ಹತ್ತು ಹೆಜ್ಜೆ ಹಿಂದೆ ಹೋದಳು. ಅಷ್ಟೇ ಹೊತ್ತು.

ಮಾವ ನಿಂತಲ್ಲೇ ಮುಖ ಆಡಿಸಿದರು. ಸದ್ದು ಬರುವ ಕಡೆ ತಿರುಗಬೇಕೆಂದರೆ ಆ ಸಮುದ್ರಕ್ಕೆ ಸದ್ದೇ ಇರಲಿಲ್ಲ. ಎಡಕ್ಕೆ ತಿರುಗಿದವರು ಅಲ್ಲೇ ನಿಂತರು. ಮುಖ ಅರಳಿತು.

"ಹೇಳಿ ಮತ್ತೆ," ಎಂದರು ಅತ್ತೆ. "ಎಷ್ಟನೇ ನಂಬರು?"

"ಇನ್ನೂರ ಹದಿನಾಲ್ಕು," ಎಂದರು ಮಾವ. "ಅದೇ. ಒಂದೆಳೆ ಹೆಚ್ಚು ಕಮ್ಮಿ ಇಲ್ಲ. ನಾನು ತಪ್ಪು ಕಲಸಿಲ್ಲ."

ಅವರು ನೋಡುತ್ತಿದ್ದದ್ದು ಟಾರ್ಪಾಲನ್ನು. ಓಡಿ ಬಂದ ಸೊಸೆ ಅದನ್ನೊಮ್ಮೆ ನೋಡಿದಳು. ಹಿಂಬಾಗಿಲಲ್ಲಿ ಕಲಿತ ಕಣ್ಣು ಸುಳ್ಳು ಹೇಳಲಿಲ್ಲ, ಟಾರ್ಪಾಲು ನಿಜಕ್ಕೂ ಇನ್ನೂರ ಹದಿನಾಲ್ಕೇ.

"ತಾತ, ಸಮುದ್ರ ಈ ಕಡೆ ಇದೆ," ಎಂದಳು ಪುಟ್ಟಿ.

ಅತ್ತೆಯ ಮುಖದ ನಗು ಇದ್ದ ಹಾಗೇ ನಿಂತುಹೋಯಿತು. ಅವರು ಗಂಡನ ಹತ್ತಿರ ಹೋದರು. ಕಣ್ಣಿನ ಮುಂದೆ ಕೈ ಆಡಿಸಿದರು. ಆಮೇಲೆ ಎರಡೂ ಭುಜ ಹಿಡಿದು, ಮಗುವನ್ನು ತಿರುಗಿಸುವ ಹಾಗೆ, ನಿಧಾನವಾಗಿ ನೀರಿನ ಕಡೆ ತಿರುಗಿಸಿದರು.

"ಇಲ್ಲಿ," ಎಂದರು. "ಈಗ?"

ಬಿಸಿಲು ನೀರಿನ ಮೇಲೆ ಬಿದ್ದು ಮೇಲಕ್ಕೆದ್ದು ಬರುತ್ತಿತ್ತು. ಮಾವ ಕಣ್ಣು ಕಿರಿದು ಮಾಡಿದರು, ಕೈ ಅಡ್ಡ ಹಿಡಿದರು. ಕೆನ್ನೆಯ ಮೇಲೆ ನೀರು ಇಳಿಯಿತು. "ಬೆಳ್ಳಗಿದೆ," ಎಂದರು. "ಎಲ್ಲ ಬೆಳ್ಳಗಿದೆ."

ಅತ್ತೆ ಸೊಸೆಯ ಕಡೆ ತಿರುಗಿದರು. "ನಿಂಗೆ ಯಾವಾಗಿಂದ ಗೊತ್ತು?"

"ಮಳೆಗೆ ಮುಂಚೆಯಿಂದ."

"ಮುಂದಿನ ವಾರನೇ ಹೋಗೋಣ ಅಂದಿದ್ದು..."

"ಹೌದು ಅತ್ತೆ."

ಮಗನಿಗೆ ಏಳನೇ ಡಬ್ಬ ಆಗ ಅರ್ಥವಾಗಿರಬೇಕು. ಅವನು ಅಲ್ಲೇ ಮರಳಿನ ಮೇಲೆ ಕುಕ್ಕರಿಸಿದ. ಅತ್ತೆ ಸೊಸೆಯನ್ನು ಬೈಯುತ್ತಾರೆಂದು, ಹೊಡೆಯುತ್ತಾರೆಂದು ಕೂಡ ಅವಳು ಕಾದಳು. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅತ್ತೆ ಸೆರಗಿನಿಂದ ಗಂಡನ ಕೆನ್ನೆ ಒರೆಸಿದರು.

"ನಾನು ಅಲೆ ಬೇಡ ಅಂದೆ," ಎಂದರು. ಯಾರಿಗೆ ಹೇಳಿದರೋ. "ಮಳೇಲಿ ಬಂದಿದ್ರೆ ಬೂದಿ ಬಣ್ಣವಾದ್ರೂ ನೋಡ್ತಿದ್ರು."

"ಬಣ್ಣ ಹೇಗಿದೆ, ನೀನು ಹೇಳಮ್ಮ," ಎಂದರು ಮಾವ ಸೊಸೆಗೆ.

ಸೊಸೆ ಸಮುದ್ರವನ್ನು ನೋಡಿದಳು. ಇನ್ನೂರ ಹದಿನಾಲ್ಕು ಅದರಲ್ಲಿ ಎಲ್ಲೂ ಇರಲಿಲ್ಲ. ದಡದ ಹತ್ತಿರ ಒಂದು ಹಸಿರು, ಅದರಾಚೆ ಕಾರ್ಡಿನಲ್ಲೇ ಇಲ್ಲದ ಇನ್ನೊಂದು, ದೂರದಲ್ಲಿ ಇನ್ನೂ ಒಂದು, ನೋಡುತ್ತಿದ್ದ ಹಾಗೇ ಮೂರೂ ಬೇರೆಯಾಗುತ್ತಿದ್ದವು. ಹಿಂಬಾಗಿಲಲ್ಲಿ ಅವಳು ಮಾವನಿಗೆ ಒಂದು ದಿನವೂ ತಪ್ಪು ಬಣ್ಣ ಹೇಳಿದವಳಲ್ಲ.

"ಇನ್ನೂರ ಹದಿನಾಲ್ಕೇ ಮಾವ," ಎಂದಳು.

ಮಾವ ಅವಳ ಕಡೆ ಮುಖ ತಿರುಗಿಸಿದರು. ಅವಳ ದನಿಯನ್ನು ಅವರು ಆರು ತಿಂಗಳು ಕೇಳಿದ್ದರು. "ಆಗಲಮ್ಮ," ಎಂದರು.

ಇನ್ನೂ ಆರು ದಿನ ಬಾಕಿ ಇತ್ತು. ತಾರೀಖು ಬದಲಾಯಿಸುವಂತಿರಲಿಲ್ಲ, ವಾಪಸಿನ ಟಿಕೆಟ್ಟು ಏಳನೇ ದಿನದ್ದು. ದಿನಾ ಬೆಳಗ್ಗೆ ಹತ್ತು ಗಂಟೆಗೆ ಅತ್ತೆ ಗಂಡನ ಕೈ ಹಿಡಿದು ದೋಣಿ ಚಪ್ಪರದ ನೆರಳಿಗೆ ಕರೆದುಕೊಂಡು ಹೋಗಿ, ಟಾರ್ಪಾಲಿನ ಎದುರಿಗೆ ಕೂರಿಸಿ, ತಾವೂ ಪಕ್ಕದಲ್ಲಿ ಕೂರುತ್ತಿದ್ದರು. ಇಬ್ಬರೂ ಮಧ್ಯಾಹ್ನದ ಊಟದವರೆಗೂ ಅದನ್ನೇ ನೋಡುತ್ತಿದ್ದರು, ಸಮುದ್ರಕ್ಕೆ ಬೆನ್ನು ಮಾಡಿಕೊಂಡು.